ಬೆರಳು ಸಪೂರ ಆದ ದಿನ

ಸೇವಂತಿಯ ಉಂಗುರ ಬೆರಳು ಬಿಟ್ಟು ಬರಲು ಒಪ್ಪದೆ ಹೋದದ್ದೇ ಎಲ್ಲಕ್ಕೂ ಮೂಲ.

ಅದು ಅವಳ ಅವ್ವನ ಉಂಗುರ. ಸೇವಂತಿಯ ಧಾರೆಯ ದಿನ ಬೆಳಿಗ್ಗೆ ಅವ್ವ ತನ್ನ ಬೆರಳಿನಿಂದ ಕಳಚಿ ಮಗಳ ಬಲಗೈಗೆ ತೊಡಿಸಿದ್ದಳು. ಅವ್ವನಿಗೂ ಅವಳ ಅವ್ವ ಹಾಗೆಯೇ ತೊಡಿಸಿದ್ದಂತೆ. ಈಗ ಸೇವಂತಿಯ ಒಬ್ಬಳೇ ಮಗಳು ಪ್ರೇಮಾವತಿಗೆ ಕಡಬದ ಕಡೆಯ ಹುಡುಗನೊಂದಿಗೆ ಮದುವೆ, ಬರುವ ತಿಂಗಳು. ಉಂಗುರ ಕೈ ದಾಟಬೇಕಿತ್ತು. ಆದರೆ ಧಾರೆಯ ದಿನ ನುಗ್ಗೆಕಾಯಿಯಂತಿದ್ದ ಬೆರಳು ಇಷ್ಟು ವರ್ಷದ ಸಂಸಾರದಲ್ಲಿ ಕದಳಿ ಬಾಳೆಹಣ್ಣಿನ ಹಾಗಾಗಿತ್ತು. ಎಳೆಯ ಮರಕ್ಕೆ ಯಾರೋ ಬಿಗಿದು ಮರೆತ ತಂತಿಯ ಹಾಗೆ ಉಂಗುರ ಅದರ ಬುಡದಲ್ಲಿ ಹೂತು ಕುಳಿತಿತ್ತು.

ಎಣ್ಣೆ ಹಚ್ಚಿ ನೋಡಿದ್ದಾಯಿತು, ಸಾಬೂನು ತಿಕ್ಕಿದ್ದಾಯಿತು, ನೂಲು ಸುತ್ತಿ ಎಳೆದದ್ದೂ ಆಯಿತು. ಗೆಣ್ಣು ಬಾತದ್ದಷ್ಟೇ ಲಾಭ. ಕೊನೆಗೆ ಗಂಡ ಬೆಳ್ಯಪ್ಪ ಸುಳ್ಯ ಪೇಟೆಯಿಂದ ಚಿನ್ನದ ಕೆಲಸದ ಆಚಾರ್ರನ್ನು ಕರೆಸಿದ. ಅವರು ಬೆರಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ತುಂಡು ಮಾಡಿ ತೆಗಿಯುದೇ ಸೈ ಅಕ್ಕ. ಮತ್ತೆ ಬೆಸೆದು ಕೊಡ್ತೇನೆ. ಯಾರಿಗೂ ಗೊತ್ತಾಗುದಿಲ್ಲ."

"ನಂಗೆ ಗೊತ್ತಾಗ್ತದಲ್ಲ," ಎಂದಳು ಸೇವಂತಿ.

"ಹಾಗಾದ್ರೆ ಬೆರಳು ಸಪೂರ ಆಗ್ಬೇಕು. ಬೆರಳು ಮಾತ್ರ ಸಪೂರ ಮಾಡುವ ವಿದ್ಯೆ ನನ್ನ ಹತ್ರ ಇಲ್ಲ. ಇಡೀ ನೀವೇ ಸಪೂರ ಆಗ್ಬೇಕಾದೀತು."

ಆಚಾರ್ರು ತಮಾಷೆಗೆ ಅಂದದ್ದನ್ನು ಸೇವಂತಿ ವ್ರತದ ಹಾಗೆ ಹಿಡಿದಳು. ಹಾಗೆ ನೋಡಿದರೆ ಅವಳು ತಿನ್ನುವ ಆಸೆಯಿಂದ ತೋರವಾದವಳಲ್ಲ. ಎಲ್ಲರ ಊಟವಾದ ಮೇಲೆ ಪಾತ್ರೆಯ ತಳದಲ್ಲಿ ಉಳಿದದ್ದನ್ನು ಚೆಲ್ಲಲು ಮನಸ್ಸು ಬಾರದೆ ತೋರವಾದವಳು. ಮಗಳು ಅರ್ಧ ಬಿಟ್ಟ ದೋಸೆ, ಗಂಡ ಸಾಕೆಂದ ಮುಷ್ಟಿ ಅನ್ನ, ನಾಳೆಗೆ ಹುಳಿಯಾದೀತೆನಿಸಿದ ಸಾರು, ಎಲ್ಲವೂ ಕೊನೆಗೆ ಬಂದು ಸೇರುವುದು ಅವಳಲ್ಲಿ. ಮನೆಯಲ್ಲಿ ಏನೂ ಹಾಳಾಗದ ಹಾಗೆ ನೋಡಿಕೊಂಡದ್ದರ ಗುರುತೆಲ್ಲ ಅವಳ ಮೈಮೇಲೆ ಇತ್ತು. ಈಗ ಉಳಿದದ್ದನ್ನು ಕಣ್ಣು ಮುಚ್ಚಿ ನಾಯಿಗೆ ಹಾಕಿದಳು. ಮಧ್ಯಾಹ್ನ ಅರ್ಧ ಊಟ, ರಾತ್ರಿ ಗಂಜಿತಿಳಿ. ಮನೆಯ ನಾಯಿಯ ಮೈ ಮಿಂಚತೊಡಗಿತು. ಸೇವಂತಿಯ ರವಿಕೆಯ ತೋಳು ಸಡಿಲವಾಯಿತು.

ಮದುವೆಗೆ ಇನ್ನೊಂದು ವಾರ ಇರುವಾಗ, ಒಂದು ದಿನ ಬೆಳಿಗ್ಗೆ ಕೊಟ್ಟಿಗೆಯಿಂದ ಬಂದು ಕೈ ತೊಳೆಯುವಾಗ ಉಂಗುರ ತಾನಾಗಿ ತಿರುಗಿತು. ಮೆಲ್ಲಗೆ ಎಳೆದಳು. ಬಂತು! ಗೆಣ್ಣಿನವರೆಗೆ ಬಂದು ಅಲ್ಲಿ ನಿಂತಿತು. ಅಷ್ಟರೊಳಗೆ ಬಾರದಿದ್ದರೆ ತುಂಡು ಮಾಡಿಸುವುದೆಂದು ಬೆಳ್ಯಪ್ಪ ಹೇಳಿಟ್ಟಿದ್ದ ಆಚಾರ್ರು ಉಪಕರಣ ಹಿಡಿದುಕೊಂಡು ಬರುವುದು ನಾಳೆ ಬೆಳಿಗ್ಗೆ. ಇವತ್ತೊಂದು ದಿನ ಬಾಯಿ ಕಟ್ಟಿದರೆ ಅವ್ವನ ಉಂಗುರ ಇಡಿಯಾಗಿ ಮಗಳಿಗೆ ಸಿಗುತ್ತದೆ.

ಅಷ್ಟರಲ್ಲಿ ಬೇಲಿಯಾಚೆಯಿಂದ ನೆರೆಮನೆಯ ತಿಮ್ಮಕ್ಕನ ಸ್ವರ ಬಂತು. "ಸೇವಂತೀ, ಹೊರಟಿಯಾ? ಬಟ್ಟಲು ತಕ್ಕೊಳ್ಳಿಕ್ಕೆ ಮರಿಬೇಡ!"

ಮಹಿಳಾ ಮಂಡಲದ ವಾರ್ಷಿಕೋತ್ಸವ! ಸೇವಂತಿಗೆ ಅದು ಮರೆತೇಹೋಗಿತ್ತು. ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಮಂಡಲದ ಉಪಾಧ್ಯಕ್ಷೆ ಅವಳೇ. ಅದೂ ಅಲ್ಲದೆ ಮದುವೆ ಎದುರಿಗಿರುವಾಗ ಹುಡುಗಿಯ ತಾಯಿ ಊರವರ ಊಟಕ್ಕೆ ಬಾರದಿದ್ದರೆ ಆಡುವ ಬಾಯಿಗಳನ್ನು ಮುಚ್ಚುವವರು ಯಾರು?

ದಾರಿಯುದ್ದಕ್ಕೂ ಅವಳು ತನಗೆ ತಾನೇ ಧೈರ್ಯ ಹೇಳಿಕೊಂಡಳು. ಯಾಕೆಂದರೆ ಇವತ್ತಿನದು ಎಲೆಯ ಊಟವಲ್ಲ, ಬಫೆ. ಸರಕಾರದ ಬ್ಲಾಕ್ ಆಫೀಸಿನವರು ಊರಿಗೆ ಜಪಾನಿ ಬೇಸಾಯ ತಂದರು, ಹೊಗೆ ಬಾರದ ಒಲೆ ತಂದರು. ಈಗ ಮೈಸೂರಿನಿಂದ ಬಂದ ಬ್ಲಾಕ್ ಆಫೀಸರರ ಹೆಂಡತಿ ಬಫೆ ತಂದಿದ್ದರು. ಹೋದ ಸಭೆಯಲ್ಲಿ ಅವರೇ ವಿವರಿಸಿದ್ದರು: "ಮೇಜಿನ ಮೇಲೆ ಎಲ್ಲ ಇಟ್ಟಿರುತ್ತೆ. ಯಾರಿಗೆ ಏನು ಬೇಕೋ, ಎಷ್ಟು ಬೇಕೋ ಅವರವರೇ ಹಾಕ್ಕೊಳ್ಳೋದು, ನಿಂತ್ಕೊಂಡೇ ತಿನ್ನೋದು. ಬಲವಂತ ಅನ್ನೋದೇ ಇಲ್ಲ." ಆ ಕೊನೆಯ ಮಾತು ಸೇವಂತಿಗೆ ದೇವರ ಪ್ರಸಾದದ ಹಾಗೆ ಕೇಳಿಸಿತ್ತು. ಚಮಚ ಅನ್ನ, ಚೂರು ಪಲ್ಯ, ಮೇಲಿಂದ ಮಜ್ಜಿಗೆ. ಅಷ್ಟೇ.

ಶಾಲೆಯ ಹಾಲ್‌ನಲ್ಲಿ ಬೆಂಚುಗಳನ್ನು ಜೋಡಿಸಿ ಬಿಳಿ ಬಟ್ಟೆ ಹಾಸಿದ್ದರು. ಅಡಿಗೆಯ ಭಟ್ಟರು ಪಾತ್ರೆಗಳನ್ನು ಸಾಲಾಗಿ ತಂದಿಟ್ಟರು. ಚಿತ್ರಾನ್ನ, ಕಡಲೆಬೇಳೆಯ ಅಂಬಡೆ, ಮಜ್ಜಿಗೆಹುಳಿ, ಹೋಳಿಗೆ, ಸಾಲಿನ ಕೊನೆಯಲ್ಲಿ ತುಪ್ಪದಲ್ಲಿ ಮೀಯುತ್ತಿದ್ದ ಕಾಶಿ ಹಲ್ವ.

"ಬನ್ನಿ, ಶುರು ಮಾಡಿ!" ಎಂದರು ಆಫೀಸರರ ಹೆಂಡತಿ.

ಯಾರೂ ಅಲ್ಲಾಡಲಿಲ್ಲ. ಹೆಂಗಸರೆಲ್ಲ ಮನೆಯಿಂದ ತಂದ ಊಟದ ಬಟ್ಟಲನ್ನು ಎದೆಗೆ ಒತ್ತಿಕೊಂಡು, ಫೋಟೋ ಹಿಡಿಸಲು ಬಂದವರ ಹಾಗೆ ನಿಂತರು. ತಮ್ಮ ಬಟ್ಟಲಿಗೆ ತಾವೇ ಹೇಗೆ ಹಾಕಿಕೊಳ್ಳುವುದು? ಅದೂ ನಾಲ್ಕು ಜನರ ಎದುರು! ಮೊದಲು ಸೌಟು ಹಿಡಿದವಳ ಹೆಸರು ಸುಳ್ಯದಲ್ಲಿ ಎಷ್ಟು ವರ್ಷ ಉಳಿದೀತು?

ತಿಮ್ಮಕ್ಕನೇ ದಾರಿ ಕಂಡುಹಿಡಿದರು. ಸೌಟು ಹಿಡಿದು ಚಿತ್ರಾನ್ನ ತೆಗೆದು ಪಕ್ಕದಲ್ಲಿದ್ದ ಸೇವಂತಿಯ ಬಟ್ಟಲಿಗೆ ಸುರಿದರು. "ನೀನು ಹಾಕ್ಕೊಳ್ಳುದು ಬೇಡ ಮಾರಾಯ್ತಿ, ನಾಚಿಕೆ ಆಗ್ತದೆ. ನಾನು ಹಾಕ್ತೇನೆ."

ಅದನ್ನು ನೋಡಿ ಎಲ್ಲರಿಗೂ ಉಸಿರು ಬಂತು. ತಾವು ಹಾಕಿಕೊಳ್ಳುವುದು ತಾನೇ ಕಷ್ಟ? ಬೇರೆಯವರಿಗೆ ಹಾಕುವುದು ಹುಟ್ಟಿನಿಂದ ಬಂದ ವಿದ್ಯೆ. ಕ್ಷಣದಲ್ಲಿ ಎಲ್ಲರ ಕೈಯಲ್ಲೂ ಸೌಟು. ಎಲ್ಲರೂ ಎಲ್ಲರಿಗೂ ಬಡಿಸತೊಡಗಿದರು. ಆಫೀಸರರ ಹೆಂಡತಿ "ಅಯ್ಯೋ, ಹಾಗಲ್ಲ, ಹಾಗಲ್ಲ" ಎನ್ನುತ್ತಿದ್ದಂತೆ ಅವರ ಬಟ್ಟಲಿಗೇ ಮೂರು ಕಡೆಯಿಂದ ಹೋಳಿಗೆ ಬಿತ್ತು.

ಎಲೆಯ ಊಟದಲ್ಲಿ ಹೆಂಗಸಿಗೆ ಆಯುಧಗಳಿದ್ದವೆಂದು ಸೇವಂತಿಗೆ ಆಗ ಗೊತ್ತಾಯಿತು. ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿಯಬಹುದು, ಮೈಯಿಡೀ ಬಾಗಿಸಿ ಮುಚ್ಚಬಹುದು, ಕೊನೆಗೆ ಎಲೆಯನ್ನೇ ಮಡಚಬಹುದು. ಬಟ್ಟಲನ್ನು ಮಡಚುವುದು ಹೇಗೆ? ಒಂದು ಕೈ ಬಟ್ಟಲು ಹಿಡಿಯಲಿಕ್ಕೇ ಬೇಕು. ಪಂಕ್ತಿಯಲ್ಲಾದರೆ ಬಡಿಸುವವರು ಎದುರಿನಿಂದ ಮಾತ್ರ ಬರುತ್ತಾರೆ. ಇಲ್ಲಿ ಹಿಂದಿನಿಂದಲೂ ಬಂದರು.

"ಬೇಡ, ಸಾಕು, ಹೊಟ್ಟೆ ಸರಿ ಇಲ್ಲ!"

"ಹೊಟ್ಟೆ ಸರಿ ಇಲ್ಲದಿದ್ರೆ ಮಜ್ಜಿಗೆಹುಳಿ ಒಳ್ಳೇದು," ಎಂದು ಒಬ್ಬಳು ಸುರಿದಳು.

"ಮಗಳು ಹೋಗ್ತಾಳೆಂತ ಕೊರಗಿ ಕೊರಗಿ ಸಪೂರ ಆಗಿದ್ದೀ. ತಿನ್ನು!" ಎಂದು ತಿಮ್ಮಕ್ಕ ಎರಡು ಅಂಬಡೆ ಹೇರಿದರು.

ಸೇವಂತಿಯ ಬಟ್ಟಲು ಬೈಹುಲ್ಲಿನ ಬಣವೆಯ ಹಾಗೆ ಏರಿತು. ಪಕ್ಕದಲ್ಲಿ ಬಟ್ಟೆ ಅಂಗಡಿಯ ಮೊಯ್ದೀನನ ಹೆಂಡತಿ ಕುಂಞಿಪಾತುಮ್ಮ ನಗುತ್ತ ನಿಂತಿದ್ದಳು. ಅವಳ ಬಟ್ಟಲಿನಲ್ಲಿ ಸ್ವಲ್ಪವೇ ಇತ್ತು.

"ನಿಂಗೆ ಯಾಕೆ ಯಾರೂ ಹಾಕುದಿಲ್ಲ ಪಾತುಮ್ಮ?"

"ನಾನು ಸೌಟು ಬಿಡ್ಲೇ ಇಲ್ಲ ಸೇವಂತಕ್ಕ. ಬಡಿಸುವವಳಿಗೆ ಯಾರು ಬಡಿಸ್ತಾರೆ?"

ಸೇವಂತಿಯ ತಲೆಯಲ್ಲಿ ದೀಪ ಹತ್ತಿತು. ಬಟ್ಟಲನ್ನು ಕಿಟಕಿಯ ದಂಡೆಯ ಮೇಲಿಟ್ಟು, ಕೈ ತೊಳೆದು, ಹಲ್ವದ ಪಾತ್ರೆಯನ್ನೇ ಎತ್ತಿಕೊಂಡಳು. ಅದರ ಚಮಚ ಆಗಲೇ ಯಾರದೋ ಕೈ ಜಾರಿ ನೆಲಕ್ಕೆ ಬಿದ್ದಿತ್ತು. "ಕೈಯಲ್ಲೇ ಹಾಕಿ ಅಕ್ಕ, ಮುಸುರೆ ಇಲ್ವಲ್ಲ," ಎಂದರು ಭಟ್ಟರು.

ಎಷ್ಟು ಸುಖ! ಬೆಚ್ಚಗಿನ ಹಲ್ವವನ್ನು ಮುಷ್ಟಿ ಮುಷ್ಟಿಯಾಗಿ ಎತ್ತಿ ಅವಳು ಹಾಲ್ ತುಂಬ ಓಡಾಡಿದಳು. ಆಫೀಸರರ ಹೆಂಡತಿಗೆ ಹಾಕಿದಳು, ಗ್ರಾಮಸೇವಿಕೆಗೆ ಹಾಕಿದಳು, ಬೇಡ ಎಂದವರಿಗೆ ಇನ್ನೊಂದು ಮುಷ್ಟಿ ಹೆಚ್ಚೇ ಹಾಕಿದಳು. ತಿಮ್ಮಕ್ಕ ಎರಡನೆಯ ಸಲವೂ ಬಟ್ಟಲು ಒಡ್ಡಿದರು. ಹಾಕಿಸಿಕೊಂಡು ಗೋಡೆಯ ಕಡೆ ಮುಖ ಮಾಡಿ ನಿಂತರು. ಮೊಣಕೈಯವರೆಗೆ ತುಪ್ಪ ಇಳಿಯುತ್ತಿತ್ತು. ಹಲ್ವದ ಪರಿಮಳ ಮೂಗಿಗೆ ಹೊಡೆಯುತ್ತಿದ್ದರೂ ಸೇವಂತಿ ನಾಲಿಗೆಗೆ ಒಂದು ಚೂರೂ ಮುಟ್ಟಿಸಲಿಲ್ಲ.

ಪಾತ್ರೆಯ ತಳ ಕಾಣುವ ಹೊತ್ತಿಗೆ ಸೆರಗು ಸರಿಮಾಡಲು ಕೈ ಎತ್ತಿದಳು. ಬೆರಳು ಖಾಲಿ.

ಮೊದಲು ಅವಳಿಗೆ ಕುಣಿಯುವಷ್ಟು ಸಂತೋಷವಾಯಿತು. ಬೆರಳಿನ ಬುಡದಲ್ಲಿ ಎಳೆಯ ಬಾಳೆದಂಡಿನಷ್ಟು ಬಿಳಿಯ ಒಂದು ಸುತ್ತು. ಬಿಸಿಲನ್ನೇ ಕಾಣದ ಆ ಜಾಗ ಹದಿನೆಂಟರ ಹುಡುಗಿಯದು. ಅದನ್ನು ನೋಡಿ, ಎಷ್ಟೋ ವರ್ಷ ಕಾಣದಿದ್ದ ಯಾರನ್ನೋ ಕಂಡ ಹಾಗೆ ಅವಳು ಮೆಲ್ಲಗೆ ಮುಟ್ಟಿದಳು. ಮರುಗಳಿಗೆಯಲ್ಲಿ ಹೊಳೆಯಿತು: ಉಂಗುರ ಎಲ್ಲಿ?

"ಯಾರೂ ನುಂಗ್ಬೇಡಿ!" ಎಂದು ಕಿರುಚಿದಳು.

ಇಡೀ ಹಾಲ್ ಅಗಿಯುವುದನ್ನು ನಿಲ್ಲಿಸಿತು. ವಿಷಯ ತಿಳಿದ ಮೇಲೆ ಬಟ್ಟಲುಗಳಲ್ಲಿ ಹುಡುಕಾಟ ಶುರುವಾಯಿತು. ಆಫೀಸರರ ಹೆಂಡತಿ ಬಿಳುಚಿಕೊಂಡು ಹೊಟ್ಟೆ ಹಿಡಿದರು. "ನನಗೆ ಆಗಲೇ ಏನೋ ಗಟ್ಟಿ ಸಿಕ್ಕಿದ ಹಾಗಿತ್ತು."

"ಅದು ಗೇರುಬೀಜ," ಎಂದರು ಭಟ್ಟರು, ಸ್ವಲ್ಪ ಸಿಟ್ಟಿನಿಂದ.

"ನನ್ನ ಬಟ್ಟಲಲ್ಲಿ ಸಿಕ್ಕಿದ್ರೆ ನಾನು ಬೊಬ್ಬೆ ಹೊಡಿಯದೆ ಇರ್ತಿದ್ದೆನಾ?" ಎಂದಳು ಕುಂಞಿಪಾತುಮ್ಮ. "ಪಾತ್ರೆಯ ತಳದಲ್ಲಿ ನೋಡಿ ಸೇವಂತಕ್ಕ."

ಸೇವಂತಿ ಪಾತ್ರೆಗೆ ಕೈ ಹಾಕಿ ಹಿಚುಕಿ ನೋಡಲು ಹೊರಟಳು. ತಿಮ್ಮಕ್ಕ ತಡೆದರು. "ಹಿಚುಕಿ ಹಾಳು ಮಾಡಿದ್ದನ್ನು ಯಾರು ತಿನ್ನುದು? ನಿನ್ನ ಉಂಗುರ, ನೀನೇ ತಿಂದು ನೋಡು. ಹಲ್ವವೂ ಮುಗೀತದೆ, ಉಂಗುರವೂ ಸಿಗ್ತದೆ."

ಎಲ್ಲರಿಗೂ ಅದು ಸರಿ ಎನಿಸಿತು. ಪಾತ್ರೆಯ ತಳದ ಮುಂದೆ ಸೇವಂತಿ ಮತ್ತೊಮ್ಮೆ ಸೋತಳು. ಸುತ್ತ ನಿಂತ ಹೆಂಗಸರ ನಡುವೆ, ಒಂದೊಂದೇ ತುತ್ತನ್ನು ಮೆಲ್ಲಗೆ ಅಗಿದು ಉಳಿದ ಹಲ್ವವನ್ನೆಲ್ಲ ತಿಂದಳು. ಕಣ್ಣಿನಲ್ಲಿ ನೀರು, ಬಾಯಿಯಲ್ಲಿ ಏಲಕ್ಕಿ. ಎಷ್ಟೋ ದಿನದ ಮೇಲೆ ತಿಂದ ಸಿಹಿ; ದುಃಖದಲ್ಲೂ ರುಚಿಯಾಗಿದೆಯಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ತಳ ಮುಗಿಯಿತು. ಉಂಗುರ ಇರಲಿಲ್ಲ.

"ಕಿಟಕಿಯ ಮೇಲಿಟ್ಟ ಬಟ್ಟಲಲ್ಲಿ ಬಿದ್ದಿದ್ಯಾ ಎಂತದು?" ಎಂದರು ಯಾರೋ. ಅದನ್ನೂ ಬುಡದವರೆಗೆ ತಿನ್ನಿಸಿದರು. ಅದರಲ್ಲೂ ಇಲ್ಲ. ಸೇವಂತಿ ಬೆಂಚಿನ ಮೇಲೆ ಕುಸಿದು ಕುಳಿತು ಅಳತೊಡಗಿದಳು. "ತುಂಡು ಮಾಡಿದ್ರೂ ಸಾಕಿತ್ತು. ಈಗ ಮಗಳ ಕೈಗೆ ಎಂತ ಹಾಕ್ಲಿ?"

ಆ ಅಳು ನೋಡಲಾಗದೆ ತಿಮ್ಮಕ್ಕನ ಮುಖ ಕೆಂಪಾಯಿತು, ಕಪ್ಪಾಯಿತು. ಕೊನೆಗೆ ಸೊಂಟದ ಹತ್ತಿರ ಸೆರಗಿನೊಳಗೆ ಕೈ ಹಾಕಿ ಒಂದು ಬಾಳೆಲೆಯ ಕಟ್ಟನ್ನು ಹೊರಗೆ ತೆಗೆದರು. "ಮೊಮ್ಮಗಳಿಗೇಂತ... ಸ್ವಲ್ಪ..." ಎನ್ನುತ್ತ ಬಿಚ್ಚಿದರು. ಹಲ್ವದ ಮುದ್ದೆಯ ನಡುವೆ ಉಂಗುರ ಹೊಳೆಯಿತು.

ಇಡೀ ಹಾಲ್ ಒಮ್ಮೆ ಉಸಿರು ಬಿಟ್ಟಿತು. ಇನ್ನು ಯಾರಾದರೂ ಬಾಳೆಲೆಯ ವಿಷಯ ತೆಗೆಯುವ ಮೊದಲೇ ಮುಗಿಸಿಬಿಡಬೇಕೆಂದು ತಿಮ್ಮಕ್ಕ ಧಾವಿಸಿ ಬಂದರು. "ಅಳ್ಬೇಡ ಮಗಾ, ಇಕೋ ನಿನ್ನ ಉಂಗುರ! ಇನ್ನು ಜನ್ಮದಲ್ಲಿ ಬೀಳ್ಬಾರ್ದು!" ಎಂದು ಸೇವಂತಿಯ ಕೈ ಹಿಡಿದು, "ಬೇಡ, ಬೇಡ ತಿಮ್ಮಕ್ಕ" ಎಂದದ್ದನ್ನು ಅಂಬಡೆಗೆ ಬೇಡ ಎಂದ ಹಾಗೆಯೇ ಎಣಿಸಿ, ತುಪ್ಪದ ಉಂಗುರವನ್ನು ಬೆರಳಿಗೆ ತೂರಿಸಿ, ಗೆಣ್ಣು ದಾಟಿಸಿ, ಬುಡದವರೆಗೆ ಒತ್ತಿ ಕೂರಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಸಂಜೆ ಮನೆಯ ಜಗಲಿಯಲ್ಲಿ ಕುಳಿತು ಪ್ರೇಮಾವತಿ ಅವ್ವನ ಬೆರಳಿಗೆ ತುಪ್ಪ ಹಚ್ಚಿದಳು, ಸಾಬೂನು ಹಚ್ಚಿದಳು. ಗೆಣ್ಣು ಅಂಬಡೆಯಂತೆ ಬಾತು ಕೆಂಪಾಗಿತ್ತು. ಉಂಗುರ ತಿರುಗಲೂ ಇಲ್ಲ.

"ನಾಳೆ ಆಚಾರ್ರು ಹೇಗೂ ಬರ್ತಾರಲ್ಲ," ಎಂದ ಬೆಳ್ಯಪ್ಪ ಮೆಲ್ಲಗೆ.

"ಬೇಡ ಅಪ್ಪ. ಬರುದು ಬೇಡಾಂತ ಹೇಳಿ ಕಳಿಸಿ," ಎಂದಳು ಪ್ರೇಮಾವತಿ. ಅವ್ವನ ಕೈಯನ್ನು ಅವಳು ಇನ್ನೂ ಬಿಟ್ಟಿರಲಿಲ್ಲ. "ಅದು ನನ್ನದೇ. ಸದ್ಯಕ್ಕೆ ಅವ್ವನ ಬೆರಳಲ್ಲಿ ಇರ್ಲಿ. ಸಪೂರ ಆದಳಾಂತ ನಾನೇ ಆಗಾಗ ಬಂದು ಎಳೆದು ನೋಡ್ತೇನೆ. ಅತ್ತೆ ಮನೆಯಲ್ಲಿ ಕೇಳಿದ್ರೆ, ಉಂಗುರ ತರ್ಲಿಕ್ಕೆ ಹೋಗುದೂಂತ ಹೇಳಿದ್ರಾಯ್ತು."

ಸೇವಂತಿ ಮಗಳ ತಲೆ ಸವರಿದಳು.

ಬೇಲಿಯ ಹತ್ತಿರ ಕೆಮ್ಮಿದ ಸದ್ದಾಯಿತು. ತಿಮ್ಮಕ್ಕ ಅದೇ ಬಾಳೆಲೆಯ ಕಟ್ಟನ್ನು ಚಾಚಿ ನಿಂತಿದ್ದರು. "ಉಂಗುರ ಸಿಕ್ಕಿದ ಹಲ್ವ. ಮೊಮ್ಮಗಳಿಗೆ ಕೊಡ್ಲಿಕ್ಕೆ ಮನಸ್ಸು ಬರ್ಲಿಲ್ಲ. ನೀನೇ ತಿನ್ನು ಮಗಾ."

"ಅಯ್ಯೋ, ಅವ್ವ ಪಥ್ಯದಲ್ಲಿ ಇದ್ದಾಳೆ ತಿಮ್ಮಕ್ಕ," ಎಂದು ಪ್ರೇಮಾವತಿ ನಕ್ಕಳು.

ಸೇವಂತಿ ಎದ್ದು ಹೋಗಿ ಕಟ್ಟನ್ನು ಎರಡೂ ಕೈಯಲ್ಲಿ ಇಸಿದುಕೊಂಡಳು. ಜಗಲಿಗೆ ಬಂದು ಕುಳಿತು ಬಿಚ್ಚಿದಳು. ಮಗಳು ಆಗಾಗ ಬರಬೇಕಾದ ಕಡಬದ ದಾರಿಯ ಕಡೆ ಒಮ್ಮೆ ನೋಡಿದಳು. ಆಮೇಲೆ ನಿಧಾನವಾಗಿ, ಒಂದು ಚೂರೂ ನಾಯಿಗೆ ಉಳಿಸದೆ, ತಿನ್ನತೊಡಗಿದಳು.