ಎರಡು ಎಡಗಾಲಿನ ಫೈಬರ್

"ಅದೇನು ಮಹಾ" ಎನ್ನುವ ಮಾತು ಮ್ಯಾನೇಜರ್ ಬಾಯಿಂದ ಬಿತ್ತೆಂದರೆ, ಮನೆಯಲ್ಲಿ ಚೆನ್ನಾಗಿರುವ ಯಾವುದೋ ಒಂದು ವಸ್ತು ಕೆಡುವ ಕಾಲ ಬಂತೆಂದೇ ಅರ್ಥ. ಹಿಂದೊಮ್ಮೆ ಹೀಗೆಯೇ ಹೇಳಿ ಗೋಡೆ ಗಡಿಯಾರ ಬಿಚ್ಚಿದ್ದ. ಅದು ಈಗಲೂ ಬಿಸ್ಕತ್ತಿನ ಡಬ್ಬಿಯಲ್ಲಿ ಮಲಗಿದೆ.

ಆತ ಮ್ಯಾನೇಜರ್ ಆಗಿದ್ದದ್ದು ಒಂದು ಚಪ್ಪಲಿ ಅಂಗಡಿಗೆ. ಗಿರಾಕಿ ಹೊಸ್ತಿಲು ದಾಟುವಷ್ಟರಲ್ಲಿ ಕಾಲಿನ ಅಳತೆ ಹೇಳಿಬಿಡುತ್ತಿದ್ದ. ಆದರೆ ಬೀದಿಯವರೆಲ್ಲ ಬರೀ "ಮ್ಯಾನೇಜರ್ರೇ" ಎಂದು ಕರೆಯುತ್ತಿದ್ದುದರಿಂದ, ತಾನು ಯಾವುದಕ್ಕೆ ಮ್ಯಾನೇಜರ್ ಎಂಬುದು ಅವನಿಗೇ ಆಗಾಗ ಮರೆತುಹೋಗುತ್ತಿತ್ತು.

ಆ ದಿನ ಮಧ್ಯಾಹ್ನ ಅವನ ಹೆಂಡತಿಗೆ ಸಂದರ್ಶನ. ಊರಿನ ದೊಡ್ಡ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ ಕೆಲಸ. ಆಡಳಿತ ಮಂಡಳಿಯವರು ಒಬ್ಬೊಬ್ಬರು ಒಂದೊಂದು ಕಡೆ ಇದ್ದುದರಿಂದ ಮಾತೆಲ್ಲ ಕಂಪ್ಯೂಟರಿನಲ್ಲೇ. ಹಿಂದೆ ಇನ್ನೊಂದು ಶಾಲೆಯವರ ಮುಂದೆ ಹೀಗೆ ಕೂತಾಗ ಮಹಡಿ ಕೋಣೆಗೆ ನೆಟ್ ಸರಿಯಾಗಿ ಬರದೆ, ಆಕೆ ಬಾಯಿ ತೆರೆದಲ್ಲೇ ಚಿತ್ರ ನಿಂತುಬಿಟ್ಟಿತ್ತು. ಆ ಶಾಲೆಯವರು ಮತ್ತೆ ಕರೆಯಲೇ ಇಲ್ಲ.

"ಈ ಸಲವೂ ಹಾಗಾದ್ರೆ ಇನ್ನು ನಾನೆಲ್ಲಿಗೂ ಅರ್ಜಿ ಹಾಕಲ್ಲ ರೀ," ಎಂದಳು ಆಕೆ, ಬೆಳಗಿನ ಕಾಫಿ ಲೋಟ ಮುಂದಿಟ್ಟು.

"ಅದೇನು ಮಹಾ," ಎಂದ ಮ್ಯಾನೇಜರ್. "ಕೆಳಗಿಂದ ಮೇಲಕ್ಕೆ ಒಂದು ವೈರ್ ಎಳೆದ್ರೆ ಮುಗೀತು."

ಪಕ್ಕದ ಮನೆಯ ನಿವೃತ್ತ ಲೈನ್‌ಮನ್‌ಗೆ ಈ ಮಾತು ಗೋಡೆಯಾಚೆಯೇ ಕೇಳಿಸಿತು. ಕರೆಯುವ ಮೊದಲೇ ಬಂದು ನಿಂತರು. ಅವರ ಹಿಂದೆಯೇ ಅವರ ಹೆಂಡತಿ ಕೂಡ ಬಂದರು.

"ವೈರ್ ಎಲ್ಲಾ ಹಳೇ ಕಾಲದ್ದು ಮ್ಯಾನೇಜರ್ರೇ. ಫೈಬರ್ ಹಾಕಿ. ಗಾಜಿನೆಳೆಯೊಳಗೆ ಬೆಳಕು ಓಡುತ್ತೆ. ನಮ್ಮನೇಲಿ ಒಂದು ಸುತ್ತು ಬಿದ್ದಿದೆ, ಒಂಟಿ ಎಳೇದು. ನೀವು ನೆಟ್ ಹಂಚೋ ಸ್ವಿಚ್ ಪೆಟ್ಟಿಗೆ ಮೇಲೊಂದು, ಕೆಳಗೊಂದು ತನ್ನಿ. ಕರೆಂಟನ್ನ ಬೆಳಕು ಮಾಡೋ ಡಬ್ಬಿ ಇರುತ್ತೆ, ಹೆಬ್ಬೆರಳಷ್ಟು. ಅದು ಎರಡು ತನ್ನಿ."

"ಇವರ ಮಾತು ಕೇಳಿ ನಮ್ಮನೇಲಿ ಫ್ಯಾನು ಉಲ್ಟಾ ತಿರುಗ್ತಿದೆ," ಎಂದರು ಅವರ ಹೆಂಡತಿ. ಆ ಮಾತಿಗೆ ಯಾರೂ ಕಿವಿಗೊಡಲಿಲ್ಲ.

ಅಂಗಡಿಯಲ್ಲಿ ಮ್ಯಾನೇಜರ್ ಸ್ವಿಚ್‌ಗಳನ್ನು ಷೂ ನೋಡಿದಂತೆ ನೋಡಿದ. ತಿರುಗಿಸಿದ, ಅಂಚು ಸವರಿದ, ತೂಕ ನೋಡಿದ. ಹಜಾರಕ್ಕೆ ಕಪ್ಪು ಬಣ್ಣದ್ದು, ಮಹಡಿಗೆ ಪರದೆ ಬಟ್ಟೆಗೆ ಹೊಂದಲೆಂದು ಇನ್ನೊಂದು ಕಂಪನಿಯ ಬಿಳಿ ಬಣ್ಣದ್ದು ಆರಿಸಿದ.

"ಸಾರ್, ಈ ಬಿಳಿದು ಸ್ವಲ್ಪ ಜಂಬದ್ದು," ಎಂದ ಅಂಗಡಿಯವನು. "ತನ್ನ ಕಂಪನಿ ಡಬ್ಬಿ ಬಿಟ್ರೆ ಬೇರೇದು ಮುಟ್ಟಲ್ಲ."

"ಹಾಗಾದ್ರೆ ಅದೇ ಕಂಪನಿದು ಕೊಡಿ."

"ಫೈಬರ್ ಒಂಟಿ ಎಳೆನಾ? ಹಾಗಿದ್ರೆ ಡಬ್ಬಿ ಎ ಒಂದು, ಬಿ ಒಂದು ಹಾಕ್ತೀನಿ."

ಮ್ಯಾನೇಜರ್ ಒಳಗೊಳಗೇ ನಕ್ಕ. ಇಡೀ ಜೀವಮಾನ ಸರಕು ಮಾರಿದವನು ಆತ. ಅವನ ಅಂಗಡಿಯಲ್ಲಿ ಎ ಅಂದರೆ ಮೊದಲ ದರ್ಜೆ, ಬಿ ಅಂದರೆ ಹೊಲಿಗೆ ಸೊಟ್ಟಗಿರುವ ಮಾಲು. ಒಂದರ ಜೊತೆ ಒಂದನ್ನು ಸೇರಿಸಿ ತಳ್ಳುವ ಉಪಾಯವನ್ನು ತನ್ನ ಮೇಲೇ ಪ್ರಯೋಗಿಸಲು ಬಂದಿದ್ದಾನೆ.

"ಬಿ ಎಲ್ಲಾ ಬೇಡ. ಎರಡೂ ಎ ಕೊಡಿ."

"ಸಾರ್, ಅದು ಹಾಗಲ್ಲ..."

"ನನಗೆ ಗೊತ್ತು ಕೊಡಪ್ಪಾ."

ಅಂಗಡಿಯವನು ಗಿರಾಕಿಯ ಮುಖ ನೋಡಿ, ಎರಡು ಎ ಡಬ್ಬಿಗಳನ್ನೇ ಚೀಲಕ್ಕೆ ಹಾಕಿದ.

ಮನೆಗೆ ಬಂದು ಬೀರು ಎಳೆದು, ಮಂಚ ಸರಿಸಿ, ಮೆಟ್ಟಿಲುದ್ದಕ್ಕೂ ಫೈಬರ್ ಹಾಸಿದ್ದಾಯಿತು. ಡಬ್ಬಿಗಳನ್ನು ಸ್ವಿಚ್‌ಗಳಿಗೆ ಸಿಕ್ಕಿಸಿ, ಅವುಗಳ ಹಸಿರು ದೀಪಕ್ಕಾಗಿ ಕಾದದ್ದಾಯಿತು. ದೀಪ ಹತ್ತಲಿಲ್ಲ.

"ಮೇಲಿಂದು ಕೆಳಗೆ ಹಾಕಿ," ಎಂದರು ಲೈನ್‌ಮನ್. ಹಾಕಿದರು. ಹತ್ತಲಿಲ್ಲ. "ಕೆಳಗಿಂದು ಮೇಲೆ." ಹಾಗೆ ಮಾಡಿದಾಗ ಎಲ್ಲವೂ ಮೊದಲಿದ್ದ ಜಾಗಕ್ಕೇ ಬಂತು. ಮ್ಯಾನೇಜರ್‌ನ ಅಂಗಿ ಬೆವರಿಗೆ ಒದ್ದೆಯಾಗಿ ಮೈಯಿಂದ ಇಳಿಯಿತು; ಮಂಚದಡಿಯ ದೂಳಿನಲ್ಲಿ ಪ್ಯಾಂಟೂ ಹಾಳಾದೀತೆಂದು ಅದನ್ನೂ ಕಳಚಿದ. ಉಳಿದದ್ದು ಬನಿಯನ್ನು ಮತ್ತು ಪಟ್ಟಾಪಟ್ಟಿ ಚಡ್ಡಿ. ಲೈನ್‌ಮನ್ ಹೆಂಡತಿ ಇದನ್ನು ಕಂಡು, "ನಾನು ಆಮೇಲೆ ಬರ್ತೀನಿ," ಎಂದು ಹೊರಟರು. ಆದರೆ ಕಿಟಕಿಯಾಚೆ ನಿಂತರು.

ಕೊನೆಗೆ ಅಂಗಡಿಗೆ ಫೋನು ಮಾಡಿದ.

"ಸಾರ್, ಒಂಟಿ ಎಳೇಲಿ ಒಂದು ಡಬ್ಬಿ ಯಾವ ಬಣ್ಣದ ಬೆಳಕಲ್ಲಿ ಮಾತಾಡುತ್ತೋ ಇನ್ನೊಂದು ಅದೇ ಬಣ್ಣದಲ್ಲಿ ಕೇಳಿಸ್ಕೋಬೇಕು. ಎ ಜೊತೆ ಬಿ ಇರಲೇಬೇಕು. ಈಗ ನಿಮ್ಮ ಹತ್ರ ಎರಡೂ ಒಂದೇ ರಾಗ ಹಾಡ್ತಿವೆ, ಯಾವುದೂ ಇನ್ನೊಂದನ್ನ ಕೇಳ್ತಿಲ್ಲ. ಹೇಗೆ ಹೇಳ್ಲಿ... ಎರಡೂ ಎಡಗಾಲಿನ ಚಪ್ಪಲಿ ತಗೊಂಡು ಹೋಗಿದೀರಾ ಸಾರ್."

ತಾನು ಏನು ವ್ಯಾಪಾರ ಮಾಡುವವನೆಂದು ಅಂಗಡಿಯವನಿಗೆ ಗೊತ್ತಿಲ್ಲವಲ್ಲ ಎನ್ನುವುದೊಂದೇ ಆಗ ಮ್ಯಾನೇಜರ್‌ಗೆ ಸಮಾಧಾನ. ಆದರೂ ಕಿವಿ ಕೆಂಪಾಯಿತು. ಹೆಂಡತಿ ಮೆಟ್ಟಿಲ ಮೇಲೆ ಸೀರೆಯ ನೆರಿಗೆ ಹಿಡಿದು ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ನೆಟ್ಟಗೆ ಮೇಲೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮತ್ತೆ ಪ್ಯಾಂಟು ಏರಿಸಿ ಓಡಿದ. ಅಂಗಡಿಯಲ್ಲಿ ಬಿ ಇತ್ತು, ಆದರೆ ಬೇರೆ ಕಂಪನಿಯದು. ಅದನ್ನೇ ತಂದ. ಬಿಳಿ ಸ್ವಿಚ್‌ನ ಜಂಬದ ಮಾತು ನೆನಪಾದದ್ದು ಮನೆ ತಲುಪಿದ ಮೇಲೆ.

"ಅದನ್ನ ಕಪ್ಪು ಸ್ವಿಚ್‌ಗೆ ಹಾಕಿ, ಬಿಳಿದಕ್ಕೆ ಮೊದಲಿನ ಎ ಇರಲಿ," ಎಂದರು ಲೈನ್‌ಮನ್. ಆ ದಿನ ಅವರು ಆಡಿದ ಮಾತುಗಳಲ್ಲಿ ಸರಿಯಾದದ್ದು ಅದೊಂದೇ. ಆದರೂ ದೀಪ ಹತ್ತಲಿಲ್ಲ. ಓಡಾಟದಲ್ಲಿ ಮೇಲಿನ ಫೈಬರ್ ತುದಿ ಕಳಚಿರಬೇಕು.

ಮ್ಯಾನೇಜರ್ ಪ್ಯಾಂಟು ಮತ್ತೆ ಕಳಚಿ, ಮೆಟ್ಟಿಲು ಹತ್ತಿ, ಬಾಗಿಲ ಸಂದಿಯಲ್ಲಿ ಇಣುಕಿದ. ಹೆಂಡತಿ ಕಂಪ್ಯೂಟರ್ ಮುಂದೆ ನೆಟ್ಟಗೆ ಕೂತು, "ಮಕ್ಕಳ ಶಿಸ್ತಿಗೆ ಮೊದಲು ಬೇಕಾದ್ದು ಸಹನೆ," ಎನ್ನುತ್ತಿದ್ದಳು. ಗೋಡೆ ಪಕ್ಕದ ಬಿಳಿ ಸ್ವಿಚ್‌ನಲ್ಲಿ ದೀಪವಿಲ್ಲ. ದೀಪವಿಲ್ಲದೆ ನೆಟ್ಟಿಲ್ಲ, ನೆಟ್ಟಿಲ್ಲದೆ ಸಂದರ್ಶನವಿಲ್ಲ. ಪಾಪ, ಒಬ್ಬಳೇ ಅಭ್ಯಾಸ ಮಾಡಿಕೊಳ್ಳುತ್ತಿದ್ದಾಳೆ ಎಂದುಕೊಂಡ.

ಆಕೆಗೆ ತೊಂದರೆಯಾಗದಿರಲೆಂದು ಅಂಬೆಗಾಲಿಡುತ್ತ ಒಳಗೆ ಹೋದ. ಫೈಬರ್ ತುದಿಯನ್ನು ಹಲ್ಲಲ್ಲಿ ಕಚ್ಚಿ, ಆಕೆಯ ಕುರ್ಚಿಯ ಹಿಂದೆ ಮಂಚದಡಿ ತೂರಿದ. ಬೆನ್ನು ಮಂಚಕ್ಕೆ ಸಿಕ್ಕಿತು. ಮಂಚ ಸಮೇತ ಒಂದು ಗೇಣು ಎದ್ದ, ಮತ್ತೆ ಕೂತ. "ಕಾಯ್ಲಿ ಬಿಡು ಆ ಮಂಡಳಿ ಮುದುಕರು, ಎಲ್ಲಿಗೂ ಓಡಿಹೋಗಲ್ಲ," ಎಂದು ಹಲ್ಲಿನ ಸಂದಿಯಲ್ಲೇ ಸಮಾಧಾನ ಹೇಳಿದ. ತುದಿ ಸಿಕ್ಕಿಸಿದ. ಹಸಿರು ದೀಪ ಹತ್ತಿತು. ಮಂಚದಡಿಯಿಂದ ಹೊರಬಂದು, ಗೆದ್ದವನಂತೆ ಕೈಯೆತ್ತಿ ಹೆಂಡತಿಯ ಹಿಂದೆ ಎದ್ದು ನಿಂತ.

ಪರದೆಯ ಮೇಲೆ ಮೂರು ಮುಖಗಳಿದ್ದವು. ಮೂರೂ ಅವನನ್ನೇ ನೋಡುತ್ತಿದ್ದವು. ಒಬ್ಬ ಹಿರಿಯ ಹೆಂಗಸು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

ಹೆಂಡತಿ ತಿರುಗಲಿಲ್ಲ. "ಎರಡನೆಯದು, ಪೋಷಕರ ಸಹಕಾರ," ಎಂದು ಮುಂದುವರಿಸಿದಳು. ಮ್ಯಾನೇಜರ್ ಎತ್ತಿದ ಕೈಯನ್ನು ನಿಧಾನವಾಗಿ ಇಳಿಸಿ, ನೀರಿಗೆ ಇಳಿದವನಂತೆ ಮೊಣಕಾಲು ಮಡಿಸಿ ಕಣ್ಮರೆಯಾದ.

ಆಕೆ ಕೆಳಗಿಳಿದು ಬರುವವರೆಗೆ ಅವನು ಅಡುಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದ.

"ನೆಟ್ ಇರಲಿಲ್ಲವಲ್ಲೇ," ಎಂದ, ತಿರುಗದೆ.

"ನಿಮ್ಮ ಎಡಗಾಲಿನ ಚಪ್ಪಲಿ ವಿಷಯ ಕೇಳಿದ್ಮೇಲೆ ಫೋನಿನ ನೆಟ್ಟೇ ಹಾಕ್ಕೊಂಡೆ. ಚೆನ್ನಾಗೇ ಬಂತು."

"ನಾನು..."

"ಪೂರ್ತಿ ಕಾಣ್ತಿದ್ರಿ. ಕೇಳಿಸ್ತಾನೂ ಇತ್ತು."

ಮ್ಯಾನೇಜರ್ ಹಣೆಯನ್ನು ಗೋಡೆಗೆ ಒತ್ತಿದ. "ನಿನ್ನ ಕೆಲಸ ಕೆಡಿಸ್ಬಿಟ್ಟೆ."

"ಇಲ್ಲ. ಸಿಕ್ತು. ಹಿಂದೆ ಅಷ್ಟೆಲ್ಲಾ ನಡೀತಿದ್ರೂ ಒಂದು ಸಲ ತಿರುಗಿ ನೋಡ್ಲಿಲ್ಲ, ನಮಗೆ ಇಂಥವರೇ ಬೇಕು ಅಂದ್ರು."

ಅವನು ತಿರುಗಿದ. ಮುಖಕ್ಕೆ ಸ್ವಲ್ಪ ಬಣ್ಣ ಬಂತು. ಹೇಗೋ ತನ್ನಿಂದ ಒಳ್ಳೆಯದೇ ಆಯಿತಲ್ಲ. ಆದರೆ ಹೆಂಡತಿ ನೆಲ ನೋಡುತ್ತಿದ್ದಳು.

"ಆ ಮನುಷ್ಯ ಯಾರು ಅಂತ ಕೇಳಿದ್ರು ರೀ."

"ಏನಂದೆ?"

"ಬಾಯಿಗೆ ಬಂದದ್ದು ಹೇಳ್ಬಿಟ್ಟೆ. ಕಂಪನಿಯಿಂದ ರಿಪೇರಿಗೆ ಬಂದಿರೋನು ಅಂತ."

ಮ್ಯಾನೇಜರ್ ಬನಿಯನ್ನಿನ ತೂತನ್ನು ನೋಡಿಕೊಂಡ. ತನಗೆ ಕೋಪ ಬರಬೇಕಿತ್ತು, ಬರಲಿಲ್ಲ. ಆಕೆಯ ಜಾಗದಲ್ಲಿದ್ದರೆ ತಾನೂ ಅದನ್ನೇ ಹೇಳುತ್ತಿದ್ದನೆನಿಸಿತು. "ಹೋಗ್ಲಿ ಬಿಡು. ಅವರೇನು ನನ್ನನ್ನ ಇನ್ನೊಂದು ಸಲ ನೋಡ್ತಾರಾ."

"ಅದೇ ವಿಷಯ," ಎಂದಳು ಆಕೆ, ಇನ್ನಷ್ಟು ಮೆತ್ತಗೆ. "ಬಟ್ಟೆಬರೆ ಲೆಕ್ಕಿಸದೆ ಇಷ್ಟು ಶ್ರದ್ಧೆಯಿಂದ ದುಡಿಯೋರು ಈಗ ಸಿಗಲ್ಲ ಅಂದ್ರು ಆ ಹಿರಿಯರು. ಶಾಲೇಲಿ ಮೂರು ಮಹಡಿಗೂ ಫೈಬರ್ ಹಾಕಿಸ್ಬೇಕಂತೆ. ಸೋಮವಾರ ಆ ಮನುಷ್ಯನ್ನ ನಿಮ್ಮ ಜೊತೇಲೇ ಕರ್ಕೊಂಡು ಬನ್ನಿ ಅಂದ್ರು ನನಗೆ. ಇಲ್ಲ ಅನ್ನೋಕೆ ಆಗ್ಲಿಲ್ಲ."

ಕಿಟಕಿಯಾಚೆಯಿಂದ ಲೈನ್‌ಮನ್, "ನಾನೂ ಬರ್ತೀನಿ," ಎಂದರು.

ಮ್ಯಾನೇಜರ್ ಎದ್ದು ಕಿಟಕಿ ಮುಚ್ಚಿದ. ಆಕೆ ಹತ್ತಿರ ಬಂದು, ಅವನ ತಲೆಗೂದಲಲ್ಲಿ ಸಿಕ್ಕಿದ್ದ ಮಂಚದಡಿಯ ಜೇಡರ ಬಲೆ ಬಿಡಿಸಿದಳು.

"ಒಂದೇ ಒಂದು ಮಾತು ನಡೆಸಿಕೊಡಿ. ಅಲ್ಲಿ ನನ್ನನ್ನ ಮೇಡಂ ಅನ್ನಿ."