ಶಿವಶರಣನ ಮದುವೆಯ ಮಿಕ್ಸಿಂಗ್

ಕಮಲಾಪುರದ ಶಿವಶರಣನ ಸಂಸಾರಕ್ಕೆ ಬೆಂಕಿ ಬಿದ್ದದ್ದು ಪಕ್ಕದ ಮನೆಯ ಶಿವಕಾಂತಮ್ಮನ ಟಿವಿಯಿಂದ. ಹೋದ ತಿಂಗಳು ಮದುವೆಯಾದ ಮಗಳ ವಿಡಿಯೊ ಬಂದಿದೆಯೆಂದು ಆ ಮಹಾತಾಯಿ ಓಣಿಯ ಹೆಂಗಸರನ್ನೆಲ್ಲ ಕರೆದು, ಕೈಗೊಂದು ಕಪ್ ಚಹಾ ಕೊಟ್ಟು, ಬೆಳಿಗ್ಗೆ ಬೆಳಿಗ್ಗೆಯೇ ತೋರಿಸಿಬಿಟ್ಟಳು. ನೋಡಲು ಹೋದವರಲ್ಲಿ ಶಿವಶರಣನ ಹೆಂಡತಿ ಸೌಂದರ್ಯಾಳೂ ಇದ್ದಳು. ಆ ವಿಡಿಯೊ ಮಾಡಿಕೊಟ್ಟವನು ಯಾರೆಂದುಕೊಂಡಿರಿ? ಸಾಕ್ಷಾತ್ ಶಿವಶರಣನೇ!

ಊರ ಮದುವೆಗಳನ್ನೆಲ್ಲ ಶೂಟಿಂಗ್ ಮಾಡಿ, ಕತ್ತರಿಸಿ, ಜೋಡಿಸಿ, ಹಾಡು ಹಾಕಿ ಕೊಡುವುದು ಅವನ ಕಸುಬು. ಹೀಗೆ ಕತ್ತರಿಸಿ ಜೋಡಿಸುವುದಕ್ಕೆ ಆ ಕಸುಬಿನವರು ಮಿಕ್ಸಿಂಗ್ ಅನ್ನುತ್ತಾರೆ. ಸುತ್ತಲಿನ ಹಳ್ಳಿಗಳ ಎಷ್ಟೋ ಮದುವೆಗಳು ಅವನ ಕಂಪ್ಯೂಟರಿನಲ್ಲಿ ಮಿಕ್ಸಿಂಗ್ ಆಗಿ ಮನೆ ಸೇರಿದ್ದವು. ಆಗದೆ ಉಳಿದದ್ದು ಒಂದೇ ಒಂದು, ಅವನ ಸ್ವಂತದ್ದು. ಮದುವೆಯಾಗಿ ಮೂರು ವರ್ಷ ಕಳೆದರೂ ಆ ಹಾರ್ಡ್ ಡಿಸ್ಕನ್ನು ಪುಣ್ಯಾತ್ಮ ತೆರೆದು ಕೂಡ ನೋಡಿರಲಿಲ್ಲ.

ಮೊದಲೆರಡು ವರ್ಷ ಸೌಂದರ್ಯಾ ನಗುನಗುತ್ತ ಕೇಳಿದಳು. ಈಚಿನ ಒಂದು ವರ್ಷದಿಂದ ಬೆನ್ನು ಹತ್ತಿಬಿಟ್ಟಿದ್ದಳು. ಅವನು ಮದುವೆ ಸೀಜನ್ ಮುಗಿಯಲಿ ಅಂದ. ಹಳೇ ಸಾಫ್ಟ್‌ವೇರಿನಲ್ಲಿ ನಮ್ಮ ಮದುವೆ ಕೆಡಿಸುವುದು ಬೇಡ, ಹೊಸದು ಬರಲಿ ಅಂದ. ಹೊಸದು ಬಂದಾಗ ಅದಕ್ಕಿಂತ ಹೊಸದು ಬರಲಿ ಅಂದ.

"ಶಿವಕಾಂತಮ್ಮನ ಮಗಳ ಮದುವಿ ಒಂದ್ ತಿಂಗಳದಾಗ ಟಿವಿಗಿ ಬಂತು," ಎನ್ನುತ್ತ ಸೌಂದರ್ಯಾ ಬ್ಯಾಗಿಗೆ ಸೀರೆ ತುರುಕತೊಡಗಿದಳು. "ನಂದು ಯಾವಾಗ್ರಿ? ನಾ ಸತ್ತ ಮ್ಯಾಲ?"

"ಹಂಗ್ಯಾಕ ಅಂತಿ ಸೌಂದರ್ಯಾ, ಈ ಸೀಜನ್ ಒಂದ್ ಮುಗೀಲಿ..."

"ನಿಮ್ಮ ಸೀಜನ್ನಿಗಿ ಬೆಂಕಿ ಹಚ್ಚರಿ! ನಾ ಮಹಾಗಾಂವಕ್ಕ ನಮ್ಮವ್ವನ ಕಡಿ ಹೊಂಟೀನಿ. ಮದುವಿ ವಿಡಿಯೊ ತಗೊಂಡ್ ಬಂದ್ರ ಬರ್ರಿ. ಇಲ್ಲಂದ್ರ ಬರಬ್ಯಾಡ್ರಿ."

ಕಣ್ಣಲ್ಲಿ ನೀರು ತುಂಬಿಕೊಂಡು ಟೆಂಪೊ ಹತ್ತಿ ಹೋಗಿಯೇಬಿಟ್ಟಳು. ಶಿವಶರಣ ಬಾಗಿಲಲ್ಲಿ ಕಂಬದಂತೆ ನಿಂತ. ಶಿವಕಾಂತಮ್ಮ ಗೋಡೆಯ ಆಚೆಯಿಂದ ಇಣುಕಿ, "ತಮ್ಮಾ, ಮನ್ಯಾನ ಹೆಂಗಸಿಂದ ಬಿಟ್ಟು ಊರ ಮಂದಿದು ಮೊದಲ ಮಾಡಬಾರದಪ್ಪ," ಎಂದು ಬುದ್ಧಿ ಹೇಳಿದಳು. ತನ್ನ ಮಗಳದು ಬೇಗ ಮಾಡು ಬೇಗ ಮಾಡು ಎಂದು ದಿನಾ ಬಂದು ಅವನ ತಲೆ ತಿಂದವಳೂ ಈಕೆಯೇ.

ಅಂದು ಕಲಬುರಗಿಯಲ್ಲಿ ಮದುವೆ ಫೋಟೋ–ವಿಡಿಯೊದವರ ಮೇಳವಿತ್ತು. ಕಪನೂರಿನ ಹತ್ತಿರದ ಕಲ್ಯಾಣ ಮಂಟಪದಲ್ಲಿ ಎರಡು ಹೊಸ ಸಾಫ್ಟ್‌ವೇರುಗಳನ್ನು ಎದುರುಬದುರು ಇಟ್ಟು ಎಲ್ಲರ ಮುಂದೆಯೇ ಹೋಲಿಸಿ ತೋರಿಸುತ್ತಾರೆಂದು ಅವನ ಫೋನಿಗೆ ಸಂದೇಶ ಬಂದಿತ್ತು. ಮುಳುಗುವವನಿಗೆ ಅಷ್ಟು ಸಾಲದೆ? ಹಾರ್ಡ್ ಡಿಸ್ಕನ್ನು ಎದೆಗೆ ಅವಚಿಕೊಂಡು ಬಸ್ಸು ಹತ್ತಿದ.

ಮಂಟಪದ ಬಾಗಿಲಲ್ಲೇ ಗುಫ್ರಾನ್ ಸಿಕ್ಕ. ಕಲಬುರಗಿಯ ಗಾಜಿಪುರ ಓಣಿಯಲ್ಲಿ ಸ್ಟುಡಿಯೊ ಇಟ್ಟ ಹಳೇ ದೋಸ್ತ. ಶಿವಶರಣನ ಮದುವೆಯ ಶೂಟಿಂಗ್ ಮಾಡಿದವನೂ ಅವನೇ. ಹೆಂಡತಿ ಹೋದ ಸುದ್ದಿ ಕೇಳಿದ್ದೇ ತಡ, ಗುಫ್ರಾನ್ ಅದನ್ನು ತನ್ನ ಮನೆಯ ಕೆಲಸವೆಂದು ತಿಳಿದು ಮೈಮೇಲೆ ಹಾಕಿಕೊಂಡ. ಅವನು ಯಾವ ಕೆಲಸ ಮೈಮೇಲೆ ಹಾಕಿಕೊಂಡರೂ ಕೊನೆಗೆ ಪೆಟ್ಟು ತಿನ್ನುವವರು ಬೇರೆಯವರು.

ವೇದಿಕೆಯ ಮೇಲೆ ಎರಡು ದೊಡ್ಡ ಪರದೆಗಳು. ಒಂದರ ಮೇಲೆ 'ಬಿಜಲಿ', ಇನ್ನೊಂದರ ಮೇಲೆ 'ತೂಫಾನ್' ಎಂದು ಸಾಫ್ಟ್‌ವೇರುಗಳ ಹೆಸರು. ಟೈ ಕಟ್ಟಿದ ನಿರೂಪಕ ಮೈಕು ಹಿಡಿದು, "ಸ್ನೇಹಿತರೇ, ಬಾಯಿಮಾತು ಬೇಡ. ಒಂದೇ ಮದುವೆ, ಎರಡು ಸಾಫ್ಟ್‌ವೇರ್. ನಿಮ್ಮ ಕಣ್ಣೆದುರಿಗೇ ಮಿಕ್ಸಿಂಗ್! ಯಾರ ಹತ್ತಿರವಾದರೂ ಮದುವೆಯ ಕ್ಲಿಪ್ಪುಗಳಿವೆಯೇ?" ಎಂದು ಕೇಳಿದ.

"ಇಂವನ ಹತ್ರ ಅದ ರೀ!" ಗುಫ್ರಾನ್ ಶಿವಶರಣನ ಕೈಯನ್ನೇ ಮೇಲೆತ್ತಿ ಕೂಗಿದ. "ಇಂವಂದೇ ಮದುವಿ! ಮೂರು ವರ್ಷದಿಂದ ಹಂಗೇ ಬಿದ್ದದ!"

ಮಂಟಪವೆಲ್ಲ ನಕ್ಕಿತು. ನಕ್ಕರೆ ನಗಲಿ, ಅರ್ಧ ತಾಸಿನಲ್ಲಿ ಒಂದಲ್ಲ ಎರಡು ವಿಡಿಯೊ ಬಿಟ್ಟಿ ಆಗುವುದಲ್ಲ ಎಂದು ಶಿವಶರಣ ಹಾರ್ಡ್ ಡಿಸ್ಕ್ ಕೊಟ್ಟ. ಸಂಜೆಗೆ ಮಹಾಗಾಂವಕ್ಕೆ ಹೋಗಿ ಹೆಂಡತಿಯನ್ನು ಕರೆತರುವುದೊಂದೇ ಬಾಕಿ ಎಂದು ಮನಸ್ಸು ಕುಣಿಯಿತು. ತಿರುಗಿ ನೋಡಿದರೆ ಗುಫ್ರಾನ್ ಆಗಲೇ ಫೋನ್ ಹಿಡಿದು ನಿಂತಿದ್ದ.

"ಯಾರಿಗೋ ಅದು?"

"ಭಾಬಿಗಿ. ವಿಡಿಯೊ ಕಾಲ್ ಹಚ್ಚೀನಿ. ಅವ್ರ ಮನ್ಯಾಗ ಎಲ್ಲಾರೂ ಕುಂತಾರ."

"ಬ್ಯಾಡೋ ಮಾರಾಯಾ, ಮೊದಲ ನಾ ಒಂದ್ಸಲ ನೋಡ್ತೀನಿ!"

"ಬ್ಯಾಡ ಅನಬ್ಯಾಡ ಯಾರ್. ಇಂಥಾದ್ ಬಿಸಿಬಿಸಿ ಇದ್ದಾಗೇ ತೋರಿಸ್ಬೇಕು."

ಬಿಜಲಿ ಮೊದಲು ಮುಗಿಸಿತು. ಅದರ ಹುಡುಗ ಎದ್ದು ನಿಂತು, "ಸಾರ್, ನಮ್ಮ ಬಿಜಲಿಗೆ ಮದುಮಗ ಯಾರು ಅಂತ ಹೇಳಿಕೊಡೋದೂ ಬೇಡ. ಮದುಮಗಳ ಪಕ್ಕದಲ್ಲಿ ಹೆಚ್ಚು ಹೊತ್ತು ಕೂತವರನ್ನ ತಾನೇ ಹುಡುಕಿ ಹಿಡಿಯುತ್ತೆ," ಎಂದು ಎದೆಯುಬ್ಬಿಸಿ ಗುಂಡಿ ಒತ್ತಿದ.

ಪರದೆಯ ಮೇಲೆ ಗುಲಾಬಿ ಹೂಗಳು ಉದುರಿದವು. ಹೂಗಳ ನಡುವಿನಿಂದ ಸೌಂದರ್ಯಾ ಕಾಣಿಸಿಕೊಂಡು ಮೆಲ್ಲಗೆ ತಲೆಯೆತ್ತಿ ನಕ್ಕಳು. ಅವಳ ಪಕ್ಕದಲ್ಲಿ ಹೃದಯದಾಕಾರದ ಚೌಕಟ್ಟೊಂದು ತೆರೆಯಿತು. ಅದರೊಳಗಿಂದ ಬಿಳಿ ಮೀಸೆಯ, ರುಮಾಲು ಸುತ್ತಿದ, ಬಾಯಿ ತುಂಬ ಬುಂದಿ ಉಂಡೆ ತುಂಬಿಕೊಂಡ ಮುದುಕನೊಬ್ಬ ನಿಧಾನಕ್ಕೆ ತಿರುಗಿ, ನಿಧಾನಕ್ಕೆ ಅಗಿದು, ನಿಧಾನಕ್ಕೆ ನಕ್ಕ.

ಶಿವಶರಣನ ಜೀವ ಬಾಯಿಗೆ ಬಂತು. ಆ ಮುದುಕ ಸೌಂದರ್ಯಾಳ ಸೋದರಮಾವ ದೌಲಪ್ಪ. ಚಿಕ್ಕಂದಿನಲ್ಲೇ ತಂದೆ ಕಳೆದುಕೊಂಡವಳನ್ನು ಸಾಕಿ, ಓದಿಸಿ, ಧಾರೆ ಎರೆದು ಕೊಟ್ಟವನು. ಹೋದ ವರ್ಷ ತೀರಿಕೊಂಡಿದ್ದ.

"ಮಾಮಾ ಅಲ್ಲಿ ಯಾಕ ಬಂದ್ನೋ?" ಎಂದು ಶಿವಶರಣ ಗುಫ್ರಾನನ ತೋಳು ಹಿಡಿದ.

"ನನಗ ಕೇಳ್ತಿ? ನನ್ನ ಕೈ ಮ್ಯಾಲ ನಿನಗ ಭರೋಸಾ ಇತ್ತೇನು? ಫೋಕಸ್ ಸರಿ ಅದೇನು, ಲೈಟ್ ಸರಿ ಅದೇನು ಅಂತ ಪೂರಾ ಮದುವಿ ನನ್ನ ಹಿಂದೇ ನಿಂತಿ. ನೀ ಎದ್ದಾಗೊಮ್ಮೆ ಮೊಣಕಾಲು ನೋಯ್ತಾವಂತ ಮಾಮಾ ಬಂದು ನಿನ್ನ ಗಾದಿ ಕುರ್ಚಿ ಮ್ಯಾಲ ಕೂಡ್ತಿದ್ದ. ನಾ ಏನ್ ಮಾಡ್ಲಿ, ಮೆತ್ತಂದು ಅದೊಂದೇ ಇತ್ತು!"

ಖರೆ. ಅಂದು ಬೇರೆಯವರ ಮದುವೆಗೆ ಬಂದ ಕ್ಯಾಮೆರಾದವನಂತೆ ಅವನು ಮಂಟಪದ ತುಂಬ ಓಡಾಡಿದ್ದ. ಪರದೆಯಲ್ಲಿ ಅವನೂ ಎರಡು ಸಲ ಬಂದ. ಒಮ್ಮೆ ವಯರು ದಾಟುತ್ತ ಬೆನ್ನು ತೋರಿಸಿದ. ಇನ್ನೊಮ್ಮೆ ದೌಲಪ್ಪನ ಮುಖಕ್ಕೆ ಅಡ್ಡಲಾಗಿ ಬಗ್ಗಿ ಲೈಟು ಸರಿಮಾಡಿದ. ಹಿಂದೆ ಕೊಳಲು, ಪಿಟೀಲು. ಹೃದಯಗಳು ಹಾರುತ್ತಲೇ ಇದ್ದವು, ದೌಲಪ್ಪ ಉಂಡೆ ತಿನ್ನುತ್ತಲೇ ಇದ್ದ. ಜನ ಕುರ್ಚಿ ಬಡಿದು ನಕ್ಕರು.

ಸತ್ತ ಹಿರಿಯನನ್ನು ಊರ ಮುಂದೆ ಹೀಗೆ ನಗೆಪಾಟಲು ಮಾಡಿದ ಅಳಿಯನನ್ನು ಯಾವ ಅತ್ತೆ ಮನೆಗೆ ಬಿಟ್ಟುಕೊಂಡಾಳು? "ಫೋನ್ ಬಂದ್ ಮಾಡೋ, ನಿನ್ನ ಕಾಲಿಗಿ ಬೀಳ್ತೀನಿ," ಎಂದು ಶಿವಶರಣ ಬೇಡಿಕೊಂಡ.

"ಈಗ ಬಂದ್ ಮಾಡಿದ್ರ ಭಾಬಿಗಿ ಇನ್ನೂ ಸಿಟ್ಟು ಬರ್ತದ. ತಡಿ, ಎರಡನೇದು ಛಲೋ ಇರ್ತದ."

ತೂಫಾನಿನ ಹುಡುಗ ಮೈಕಿಗೆ ಬಂದ. "ಬಿಜಲಿಯ ವಿಡಿಯೊದಲ್ಲಿ ಯಾರೋ ಕ್ಯಾಮೆರಾದವನು ನಡುವೆ ನಡುವೆ ನುಗ್ತಾನೆ, ನೋಡಿದಿರಲ್ಲ? ಎಷ್ಟು ಅಸಹ್ಯ! ನಮ್ಮ ತೂಫಾನ್ ಅಂಥ ಅಡ್ಡಬರೋರನ್ನ ಗುರುತಿಸಿ, ಬುಡಸಮೇತ ಕಿತ್ತು ಹಾಕುತ್ತೆ."

ಹಾಕಿತ್ತು. ಶಿವಶರಣ ಅಂದು ಕೊರಳಿಗೆ ನೇತುಹಾಕಿಕೊಂಡ ಕ್ಯಾಮೆರಾವನ್ನು ತಾಳಿ ಕಟ್ಟುವಾಗಲೂ ತೆಗೆದಿರಲಿಲ್ಲ. ಕ್ಯಾಮೆರಾ ಕಂಡಲ್ಲೆಲ್ಲ ತೂಫಾನ್ ಅವನನ್ನು ಒರೆಸಿತ್ತು. ಪರದೆಯ ಮೇಲೆ ತಾಳಿ ತಾನೇ ಗಾಳಿಯಲ್ಲಿ ತೇಲಿ ಬಂದು ಸೌಂದರ್ಯಾಳ ಕೊರಳು ಬಳಸಿ, ತಾನೇ ಗಂಟು ಹಾಕಿಕೊಂಡಿತು. ಹಿಂದೆ ನಿಂತ ದೌಲಪ್ಪ ಕಣ್ಣೊರೆಸಿಕೊಂಡು ಅಕ್ಕಿಕಾಳು ಹಾಕಿದ. ಅವನ ಕಣ್ಣಂಚಿನ ನೀರು ಕೂಡ ಸ್ಪಷ್ಟವಾಗಿ ಕಂಡಿತು. ಶಿವಶರಣ ಮಾತ್ರ ತನ್ನ ಮದುವೆಯಲ್ಲಿ ಹುಡುಕಿದರೂ ಸಿಗಲಿಲ್ಲ. ಅವನು ತಲೆಯ ಮೇಲೆ ಕೈ ಹೊತ್ತು ಕುಳಿತ. ಇಡೀ ಮಂಟಪದಲ್ಲಿ ನಗದೆ ಇದ್ದವನು ಅವನೊಬ್ಬನೇ.

ನಿರೂಪಕನ ಕಣ್ಣು ಗುಫ್ರಾನನ ಫೋನಿನ ಮೇಲೆ ಬಿತ್ತು. "ಅರೆ, ಮದುಮಗಳೇ ನೋಡುತ್ತಿದ್ದಾರೆ! ಹಾಗಾದರೆ ಎರಡರಲ್ಲಿ ಯಾವುದು ಮೇಲು ಅನ್ನೋ ತೀರ್ಪನ್ನ ಅವರೇ ಕೊಡಲಿ!" ಎಂದು ಫೋನ್ ಕಸಿದು ಮೈಕಿಗೆ ಹಿಡಿದ.

ಮಂಟಪಕ್ಕೆಲ್ಲ ಬಿಕ್ಕುವ ಸದ್ದು ಕೇಳಿಸಿತು. ಶಿವಶರಣ ಕಣ್ಣು ಮುಚ್ಚಿಕೊಂಡ. ಇನ್ನು ಬೈಗಳು, ಆಮೇಲೆ ಪಂಚಾಯ್ತಿ, ಆಮೇಲೆ ಗಂಡ–ಹೆಂಡಿರನ್ನು ಬೇರೆ ಮಾಡುವ ಸೋಡಚೀಟಿ ಎಂದು ಮನಸ್ಸಿನಲ್ಲೇ ಎಲ್ಲ ಆಗಿಹೋಯಿತು.

"ಎರಡನೇದು ಛಲೋ ಅದ ರೀ," ಸೌಂದರ್ಯಾಳ ದನಿ ನಡುಗುತ್ತಿತ್ತು. "ಮೊದಲನೇದ್ರಾಗ ನಮ್ಮ ಮನಿಯವ್ರು ನಮ್ಮ ಮಾಮಾಗ ಅಡ್ಡ ಬರ್ತಾರ. ಎರಡನೇದ್ರಾಗ ಮಾಮಾ ಪೂರಾ ಕಾಣಸ್ತಾನ."

ತೂಫಾನ್ ಗೆದ್ದಿತು. ಚಪ್ಪಾಳೆಯ ನಡುವೆ ಶಿವಶರಣ ಫೋನ್ ಕಸಿದುಕೊಂಡು ಮೂಲೆಗೆ ಓಡಿದ.

"ಸೌಂದರ್ಯಾ, ಸಿಟ್ಟಾಗಿಲ್ಲೇನು? ಅದ್ರಾಗ ನಾ ಎಲ್ಲೂ ಇಲ್ಲಲ್ಲ!"

"ನಿಮ್ಮ ಮಾರಿ ದಿನಾ ನೋಡ್ತೇನಲ್ರೀ," ಅಂದಳು ಮೂಗೊರೆಸಿಕೊಳ್ಳುತ್ತ. "ಒಂದ್ ವರ್ಷದಿಂದ ನಾ ವಿಡಿಯೊ ವಿಡಿಯೊ ಅಂತ ಜೀವ ಬಿಟ್ಟಿದ್ದು ನಿಮ್ಮನ್ನ ನೋಡಾಕ ಅಂತ ತಿಳಿದೀರೇನು? ಮಾಮಾಂದು ನಮ್ಮ ಮನ್ಯಾಗ ಒಂದು ಫೋಟೋ ಸುದ್ದ ಇಲ್ಲ. ಆಧಾರ್ ಕಾರ್ಡಿಂದು ದೊಡ್ಡದು ಮಾಡಿಸಿ ಗ್ವಾಡಿಗಿ ಹಾಕೀವಿ, ಅದ್ರಾಗ ಕಳ್ಳನಂಗ ಕಾಣಸ್ತಾನ. ನಕ್ಕಿದ್ದು, ತಿಂದಿದ್ದು, ಅತ್ತಿದ್ದು ನಿಮ್ಮ ಹತ್ರನೇ ಇತ್ತು, ನೀವು ತಗದೂ ನೋಡ್ಲಿಲ್ಲ."

ಶಿವಶರಣನಿಗೆ ನಾಚಿಕೆಯಾಯಿತು. ಆದರೂ ಹೆಂಡತಿ ಮರಳಿ ಬರುತ್ತಾಳಲ್ಲ ಎಂಬ ಆಸೆ ಚಿಗುರಿತು. "ತಪ್ಪಾಯ್ತವ್ವ ತಾಯಿ. ಸಂಜಿಗಿ ವಿಡಿಯೊ ತಗೊಂಡ್ ಬರ್ತೀನಿ," ಎಂದು ಫೋನಿಟ್ಟ.

ತೂಫಾನಿನವರು ಪೆನ್ ಡ್ರೈವಿಗೆ ಹಾಕಿಕೊಟ್ಟರು. ಶಿವಶರಣ ಅತ್ತೆಗೆಂದು ಪೇಡೆ, ಹೆಂಡತಿಗೆಂದು ಮೊಳ ಮಲ್ಲಿಗೆ ಕೊಂಡ. ಕಮಲಾಪುರದ ಬಸ್ಸು ಹತ್ತಿ, ದಾರಿಯಲ್ಲೇ ಸಿಗುವ ಮಹಾಗಾಂವಕ್ಕೆ ಟಿಕೆಟ್ ತೆಗೆಸಿದ. ದಾರಿಯುದ್ದಕ್ಕೂ ಹೆಂಡತಿಗೆ ಏನೇನು ಹೇಳಬೇಕೆಂದು ಬಾಯಲ್ಲೇ ಅಂದುಕೊಂಡ.

ಮಹಾಗಾಂವ ಕ್ರಾಸಿನಲ್ಲಿ ಅತ್ತೆ ಚಂದಮ್ಮ ಸೆರಗು ಹೊದ್ದು ಕಾದು ನಿಂತಿದ್ದಳು. ತನಗಾಗಿ ಇಷ್ಟು ದೂರ ನಡೆದು ಬಂದಿದ್ದಾಳಲ್ಲ ಎಂದು ಶಿವಶರಣ ಬಸ್ಸು ನಿಲ್ಲುವ ಮೊದಲೇ ಬಾಗಿಲಿಗೆ ಓಡಿದ. ಚಂದಮ್ಮ ಬಸ್ಸಿನ ಬಾಗಿಲಿಗೇ ಬಂದು ಕೈಯೊಡ್ಡಿದಳು. ಪೆನ್ ಡ್ರೈವ್ ಇಸಿದುಕೊಂಡು ಕಣ್ಣಿಗೊತ್ತಿಕೊಂಡಳು. ಪೇಡೆ, ಮಲ್ಲಿಗೆಯನ್ನೂ ಇಸಿದುಕೊಂಡಳು. ಶಿವಶರಣ ಇಳಿಯಲು ಕಾಲಿಟ್ಟ.

"ನೀವ್ಯಾಕ ಇಳೀತೀರಪ್ಪಾ?" ಅಂದಳು ಚಂದಮ್ಮ. "ಮನಿ ತುಂಬ ಬೀಗರು ನೆಂಟರು ಬಂದು ಕುಂತಾರ, ಕಾಲಿಡಾಕ ಜಾಗ ಇಲ್ಲ."

"ಸೌಂದರ್ಯಾ ಎಲ್ಲಿದ್ದಾಳ್ರೀ?"

"ಟಿವಿ ಮುಂದ ಕಾಯ್ಕೋತ ಕುಂತಾಳ. ಬಳಗ ಎಲ್ಲಾ ಬಂದು ನಮ್ಮಣ್ಣನ್ನ ನೋಡ್ಕೊಂಡ್ ಹೋಗ್ಲಿ, ಆಮ್ಯಾಲ ಬರ್ತಾಳಂತ. ಸೊಲ್ಲಾಪುರದವ್ರು ಬರಬೇಕು, ಬೀದರಿನವ್ರು ಬರಬೇಕು. ಹಂಗ ಭಾಳ ಅಂದ್ರ ಇನ್ನೊಂದಾರು ತಿಂಗಳು, ದೀಪಾವಳಿ ತನಕ ಆದೀತು. ನೀವು ಹೊತ್ತಿಗಿ ಸರಿಯಾಗಿ ಉಣ್ರಿ."

ಬಸ್ಸು ಹೊರಟಿತು. ಶಿವಶರಣ ಕಂಬಿ ಹಿಡಿದು, ಬರಿಗೈಯಲ್ಲಿ, ಬಾಗಿಲ ಬಳಿಯೇ ನಿಂತಿದ್ದ. ಕಂಡಕ್ಟರ್ ಬಂದು ಅವನ ಅಂಗಿ ಕಿಸೆಯಲ್ಲಿದ್ದ ಟಿಕೆಟನ್ನು ಇಣುಕಿ ನೋಡಿದ.

"ಮಹಾಗಾಂವದು ಅಲ್ಲೇನ್ರೀ ನಿಮ್ದು? ಮುಂದಕ್ಕ ಬ್ಯಾರೆ ಟಿಕೆಟ್ ತಗೋಬೇಕು."