ದೆವ್ವ ತೊಳೆದ ಇಳಕಲ್ಲ ಸೀರೆ

ನನ್ನ ನೆನಪಿನ ಮೇಲೆ ನನಗೆ ನಂಬಿಕೆ ಇಲ್ಲ. ಅದಕ್ಕೇ ದಿನಚರಿ ಬರೆಯುತ್ತೇನೆ. ಆದರೆ ಎಂ.ಎ. ಮಾಡಿದವನ ದಿನಚರಿಯಲ್ಲಿ ಕಂಡದ್ದಕ್ಕಿಂತ ಅದರ ಅರ್ಥವೇ ಹೆಚ್ಚು ಜಾಗ ಹಿಡಿಯುತ್ತದೆ. ಉಪ್ಪಿಟ್ಟಿಗೆ ಉಪ್ಪು ಕಡಿಮೆಯಾದ ದಿನ ನಾನು ಆಧುನಿಕ ದಾಂಪತ್ಯದ ಬಗ್ಗೆ ಒಂದೂವರೆ ಪುಟ ಬರೆದಿದ್ದೇನೆ.

ಬಾದಾಮಿಯ ಸಿನಿಮಾ ಬಳಗದವರು ದೆವ್ವದ ಚಿತ್ರಗಳ ಒಳಾರ್ಥದ ಬಗ್ಗೆ ಭಾಷಣಕ್ಕೆ ಕರೆದಾಗ ಕುಣಿದಾಡಿಬಿಟ್ಟೆ. ಎಂದೋ ಒಂದು ಭಾನುವಾರ ಮಧ್ಯಾಹ್ನ ಹೆಂಡತಿಯೊಂದಿಗೆ ಟೀವಿಯಲ್ಲಿ ನೋಡಿದ ಚಿತ್ರದ ಮೇಲೆ ಆರು ಪುಟ ಸಿದ್ಧವಾಗಿದ್ದವು. ಟೀವಿಯೊಳಗಿಂದ ಬಂದ ದೆವ್ವ ಒಂದು ಮನೆಯವರನ್ನು ಒಬ್ಬೊಬ್ಬರಾಗಿ ಒಳಗೆಳೆದುಕೊಳ್ಳುತ್ತದೆ. ಉಳಿದವರು ಚಾನೆಲ್ ಬದಲಿಸುತ್ತಾ ಕೂತಿರುತ್ತಾರೆ. ಟೀವಿ ನಮ್ಮನ್ನು ನುಂಗುತ್ತಿದೆ ಎಂಬ ರೂಪಕ ಇದೆಂದು ಯಾರು ಬೇಕಾದರೂ ಹೇಳಿಯಾರು. ನನ್ನ ಹೆಚ್ಚುಗಾರಿಕೆ ಇದ್ದದ್ದು ಒಂದು ದೃಶ್ಯದಲ್ಲಿ. ದೆವ್ವ ಹೊಕ್ಕ ತಾಯಿ, ರಕ್ತದ ಕಲೆಯಾದ ಸೀರೆಯನ್ನು ಬಕೆಟ್ಟಿನಲ್ಲಿ ಅದ್ದಿ ಎತ್ತುತ್ತಾಳೆ. ಕಲೆ ಮಾಯ! ನಮ್ಮತ್ತ ತಿರುಗಿ ನಗುತ್ತಾಳೆ. 'ನಮ್ಮ ನೆನಪಿನ ಕಲೆಗಳನ್ನೂ ಟೀವಿ ಹೀಗೇ ತೊಳೆದುಬಿಡುತ್ತದೆ' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೆ. ಇಡೀ ಭಾಷಣ ನಿಂತಿದ್ದೇ ಆ ಬಕೆಟ್ಟಿನ ಮೇಲೆ.

ಹೊರಡುವ ದಿನ ಬೆಳಿಗ್ಗೆ, ಹುನಗುಂದದ ನಮ್ಮ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಮಹಾದೇವಿಗೆ ಭಾಷಣ ಒಪ್ಪಿಸಿದೆ. ಅವಳು ಇಳಕಲ್ಲಿನ ನೇಕಾರರ ಮಗಳು. ಕಥೆ ಮರೆತಾಳು, ಸೀರೆ ಮರೆಯಲಾರಳು. ಬಕೆಟ್ಟು ಬಂದ ಕೂಡಲೇ ಅವಳ ಕೈ ನಿಂತಿತು.

"ಆಕಿ ತೊಳಿಯೋದು ಯಾವ ಸೀರಿರಿ?"

"ಇಳಕಲ್ಲ ಸೀರಿ. ಕೆಂಪು ಸೆರಗು, ಸೆರಗಿನ ಮ್ಯಾಲ ನೇಯ್ದ ಬಿಳಿ ತೆನಿ."

"ಸಿನಿಮಾದಾಗಿನ ತಾಯಿ ಉಟ್ಟಿದ್ದು ನೈಲಾನ್ ಸೀರಿ. ನೀವು ಹೇಳೋದು ನಡುವ ಬಂದ ಸಾಬೂನ ಪುಡಿ ಜಾಹೀರಾತು! ಅದು ರಕ್ತಾನೂ ಅಲ್ರಿ, ಕೆಂಪ ಚಟ್ನಿ."

"ಖರೇನ?"

"ನಮ್ಮ ಸೀರಿ ಟೀವಿಯೊಳಗ ಬಂತಂತ ಅವತ್ತ ನಮ್ಮವ್ವಗ ಫೋನ್ ಮಾಡಿದ್ದೆ. ದೆವ್ವದ ಸೀರಿ ಬಂತಂತ ಯಾರರೆ ತವರಮನಿಗೆ ಫೋನ್ ಮಾಡ್ತಾರೇನು?"

ದಿನಚರಿಯಲ್ಲಿ ಆ ಭಾನುವಾರದ ಪುಟ ತೆರೆದೆ. 'ಹಿನ್ನೆಲೆಯಲ್ಲಿ ವಿಚಿತ್ರ ಉಲ್ಲಾಸದ ಹಾಡು. ನಿರ್ದೇಶಕನ ಕ್ರೂರ ವ್ಯಂಗ್ಯ!' ಎಂದಿತ್ತು, ನನ್ನದೇ ಅಕ್ಷರದಲ್ಲಿ.

ಬಸ್ಸಿನಲ್ಲಿ ಬೇರೆ ದೃಶ್ಯಕ್ಕಾಗಿ ತಲೆ ಕೆರೆದುಕೊಂಡೆ. ಹೊಳೆದದ್ದೆಲ್ಲ ಚಿತ್ರದ್ದೋ ಜಾಹೀರಾತಿನದ್ದೋ ಎಂಬ ಅನುಮಾನ. ಕೊನೆಗೆ ಬಾದಾಮಿಯಲ್ಲಿ, ನಾಚಿಕೆ ಬಿಟ್ಟು, ಬಕೆಟ್ಟನ್ನೇ ಎತ್ತಿಹಿಡಿದೆ. ಚಪ್ಪಾಳೆಯೋ ಚಪ್ಪಾಳೆ! ನಿವೃತ್ತ ಮಾಸ್ತರರೊಬ್ಬರು ಎದ್ದು ನಿಂತು, "ಆ ಸೀನು ನಾನೂ ನೋಡೇನ್ರಿ. ಎರಡ ದಿನ ಊಟ ಸೇರಲಿಲ್ಲ," ಎಂದರು. ನಾನು ಗಂಭೀರವಾಗಿ ತಲೆಯಾಡಿಸಿದೆ.

ಮರಳುವಾಗ ಮಹಾದೇವಿಯ ಫೋನು: ಅಮೀನಗಡದಲ್ಲಿ ಬಸ್ಸು ನಿಂತಾಗ ಅಲ್ಲಿನ ಸಿಹಿತಿನಿಸು ಕರದಂಟು ಮತ್ತು ಬಟ್ಟೆ ಒಗೆಯುವ ಪುಡಿ ತರಬೇಕಂತೆ. ಅಂಗಡಿಯವನು "ಯಾವ್ದು ಕೊಡ್ಲಿರಿ?" ಅಂದ. ನಾಲಿಗೆಯೇ ಒಂದು ಹೆಸರು ಹೇಳಿತು.

ಮನೆಯಲ್ಲಿ ಮಹಾದೇವಿ ಪೊಟ್ಟಣವನ್ನು ತಿರುಗಿಸಿ ನೋಡಿದಳು. ಅದರ ಮೇಲೆ ಇಳಕಲ್ಲ ಸೀರೆಯ ಹೆಂಗಸು ಬಕೆಟ್ಟಿನ ಪಕ್ಕ ನಗುತ್ತಿದ್ದಳು.

"ಪುಡಿ ತರ್ರಿ ಅಂದ್ರ ದೆವ್ವಾನ ಕರ್ಕೊಂಡ ಬಂದೀರಲ್ಲ!"

ಆ ಸಂಜೆಯೇ ಅದೇ ಪುಡಿಯಲ್ಲಿ ನನ್ನ ಅಂಗಿಯ ಚಟ್ನಿ ಕಲೆ ತೊಳೆದಳು. ಅಂದಿನ ದಿನಚರಿಯಲ್ಲಿ ಒಂದೇ ಸಾಲಿದೆ: 'ಕಲೆ ನಿಜಕ್ಕೂ ಹೋಗುತ್ತದೆ.'